ಕತ್ತಲಲ್ಲಿ ಬರೆದ ವಿಮರ್ಶೆ

ರಾತ್ರಿ ಹತ್ತೂವರೆಯ ಹೊತ್ತಿಗೆ, ಮೂರನೆಯ ಅಂಕದಲ್ಲಿ ರಾಣಿ ತನ್ನ ಸೊಂಟದಿಂದ ಕೋಟೆಯ ಬೀಗದ ಕೈ ಬಿಚ್ಚುತ್ತಿದ್ದಾಗ, ಮುಂದಿನ ಸಾಲಿನ ಕುರ್ಚಿಯಿಂದ ಸಣ್ಣದೊಂದು ಸದ್ದು ಬಂತು. ಸರಸರ, ಸರಸರ. ಇಲಿ ಕಾಗದ ಕಡಿಯುವ ಸದ್ದಲ್ಲ. ಯಾರೋ ಚೀಲದಲ್ಲಿ ಕೈ ಆಡಿಸುವ ಸದ್ದೂ ಅಲ್ಲ. ಅದು ಪೆನ್ಸಿಲಿನ ಸದ್ದು.

ಹಿಂದಿನ ಸಾಲಿನಲ್ಲಿ ಕೂತಿದ್ದ ನೋಂದಣಿ ಮೇಡಂ ಉಸಿರು ಬಿಡುವುದನ್ನೇ ಮರೆತಳು.

ಜನನ ಮರಣ ನೋಂದಣಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದುದರಿಂದ ಊರೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು. ವಾರವಿಡೀ ಸತ್ತವರ ದಿನಾಂಕ ಬರೆಯುವುದು, ಭಾನುವಾರ ಕೂತು ಎಂದೋ ಸತ್ತ ರಾಜರನ್ನು ಎಬ್ಬಿಸಿ ಮಾತಾಡಿಸುವುದು, ಇದು ಹದಿನಾಲ್ಕು ವರ್ಷದಿಂದ ನಡೆದು ಬಂದ ಕ್ರಮ. ವೇದಿಕೆಯ ಮೇಲೆ ಈಗ ನಡೆಯುತ್ತಿದ್ದದ್ದು ಅವಳ ಏಳನೆಯ ನಾಟಕ.

ಮುಂದಿನ ಸಾಲಿನಲ್ಲಿದ್ದವರು ಊರಿನ ದೊಡ್ಡ ವಿಮರ್ಶಕರು. ಪತ್ರಿಕೆಯ ಭಾನುವಾರದ ಪುಟದಲ್ಲಿ ಅವರು ಬರೆದರೆ ನಾಟಕ ಬದುಕಿತು, ಬರೆಯದಿದ್ದರೆ ಇಲ್ಲ. ಅವಳ ಹಿಂದಿನ ಆರೂ ನಾಟಕಗಳಿಗೆ ಅವರು ತಪ್ಪದೆ ಬಂದಿದ್ದರು, ಕೊನೆಯವರೆಗೂ ಕೂತಿದ್ದರು, ಕೊಡೆ ಎತ್ತಿಕೊಂಡು ಹೋಗಿದ್ದರು. ಒಂದಕ್ಕಾದರೂ ಒಂದಕ್ಷರ ಬರೆದಿರಲಿಲ್ಲ. ಆರು ನಾಟಕವೂ ಬೆಕ್ಕು ಬಿಲ ಕಾಯುವಂತೆ ಅವರ ಹಿಂದೆ ಕೂತು ಅವರ ಜೇಬನ್ನು ಕಾದಿದ್ದಳು. ಪೆನ್ಸಿಲು ಒಂದು ಸಲವೂ ಹೊರಗೆ ಬಂದಿರಲಿಲ್ಲ.

ಬೇರೆಯವರು ಬರೆದಿರಲಿಲ್ಲವೆಂದಲ್ಲ. ಒಬ್ಬರು, ‘ಕಿರೀಟಗಳು ಚೆನ್ನಾಗಿ ಹೊಳೆಯುತ್ತಿದ್ದವು’ ಎಂದು ಬರೆದಿದ್ದರು. ಇನ್ನೊಬ್ಬರು, ‘ಪ್ರೇಕ್ಷಕರು ಕೊನೆಯವರೆಗೂ ಕುಳಿತಿದ್ದರು’ ಎಂದಿದ್ದರು. ಅದು ಹೊಗಳಿಕೆಯೋ ಆಶ್ಚರ್ಯವೋ ಗೊತ್ತಾಗದೆ ಅವಳು ಒಂದು ತಿಂಗಳು ಒದ್ದಾಡಿದ್ದಳು. ಇತಿಹಾಸದ ಪ್ರಾಧ್ಯಾಪಕರು, ಆ ಶತಮಾನದಲ್ಲಿ ಆ ಬಗೆಯ ದೀಪವೇ ಇರಲಿಲ್ಲ, ಇದು ಬರೀ ಸಾಹಿತ್ಯ ಎಂದರು. ಸಾಹಿತ್ಯದ ಪ್ರಾಧ್ಯಾಪಕರು, ದೀಪ ಸರಿ, ಆದರೆ ಇದು ಬರೀ ಇತಿಹಾಸ ಎಂದರು. ಎರಡು ಮನೆಯ ನೆಂಟನಂತೆ ಅವಳ ನಾಟಕಗಳು ಎರಡೂ ಕಡೆ ಉಪವಾಸ ಬಿದ್ದಿದ್ದವು.

ಬೈದಾದರೂ ಬರೆಯಬಾರದೇ, ಎಂದುಕೊಳ್ಳುತ್ತಿದ್ದಳು ವಿಮರ್ಶಕರ ಬೆನ್ನು ನೋಡುತ್ತ. ಮಗು ಹುಟ್ಟಿದರೆ ಸಾಲದು, ಪುಸ್ತಕದಲ್ಲಿ ಏರಬೇಕು. ಅವಳ ಕೆಲಸ ಕಲಿಸಿದ ಪಾಠ ಅದು. ಕತ್ತಲಲ್ಲಿ ಕೂತ ಒಬ್ಬ ಮನುಷ್ಯ ಅವಳು ಬರೆದದ್ದನ್ನು ಅವಳಷ್ಟೇ ಮನಸ್ಸಿಟ್ಟು ಕೇಳಿದ ಎಂಬುದಕ್ಕೆ ಒಂದು ಸಾಲು ಸಾಕ್ಷಿ ಬೇಕಿತ್ತು. ಆ ಒಂದು ಸಾಲಿನ ಆಸೆ ಹದಿನಾಲ್ಕು ವರ್ಷದಲ್ಲಿ ಹಳತಾಗಿರಲಿಲ್ಲ, ಹಲ್ಲುನೋವಿನಂತೆ ರಾತ್ರಿ ಹೊತ್ತು ಇನ್ನಷ್ಟು ಎಚ್ಚರವಾಗುತ್ತಿತ್ತು.

ಈ ಸಲ ಬರೀ ಆಸೆಯ ಮಾತೂ ಆಗಿರಲಿಲ್ಲ. ನಾಟಕ ಶುರುವಾಗುವ ಮೊದಲು ನಿರ್ದೇಶಕ ಅವಳನ್ನು ಪರದೆಯ ಹಿಂದೆ ಕರೆದು ಹೇಳಿದ್ದ: “ಮೇಡಂ, ಅವರು ನಾಲ್ಕು ಒಳ್ಳೇ ಮಾತು ಬರೆದ್ರೆ ನಿಮ್ಮ ಎಂಟನೇ ನಾಟಕಾನೂ ನಾನೇ ಎತ್ಕೋತೀನಿ. ಇಲ್ಲಾಂದ್ರೆ ಈ ಕತ್ತಿ ಗುರಾಣಿ ಎಲ್ಲಾ ಹಳೇ ಸಾಮಾನಿನೋನಿಗೆ ಹಾಕಿ ಅತ್ತೆ ಸೊಸೆ ಜಗಳದ ನಾಟಕ ಮಾಡ್ತೀನಿ. ನೀವೇ ಹೇಳಿ, ಕತ್ತಿಗಿಂತ ಸೌಟು ಹಗುರ ಅಲ್ವಾ?”

ಎಂಟನೆಯ ನಾಟಕ ಮನೆಯ ಬೀರುವಿನಲ್ಲಿ ಸಿದ್ಧವಾಗಿ ಕೂತಿತ್ತು.

ಪರದೆ ಬಿತ್ತು. ವಿಮರ್ಶಕರು ಎದ್ದರು, ಕೆನ್ನೆ ಒತ್ತಿಕೊಂಡರು, ಕೊಡೆ ಎತ್ತಿಕೊಂಡು ಹೊರಟರು. ಅವರ ಕುರ್ಚಿಯ ಕೆಳಗೆ ಕರಪತ್ರ ಬಿದ್ದಿತ್ತು. ಪಾತ್ರವರ್ಗ ಅಚ್ಚಾದ ಹಾಳೆಯ ಹಿಂಬದಿಯ ತುಂಬ ಪೆನ್ಸಿಲಿನ ಬರಹ. ಅವಳು ಅದನ್ನೆತ್ತಿಕೊಂಡು ಬಾಗಿಲಿಗೆ ಓಡುವಷ್ಟರಲ್ಲಿ ಅವರ ಗಾಡಿ ಮೂಲೆ ತಿರುಗಿಯಾಗಿತ್ತು.

*

ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೂ ಒಂದಕ್ಷರ ಹತ್ತಲಿಲ್ಲ. ಕತ್ತಲಲ್ಲಿ ಬರೆದದ್ದು, ಇರುವೆ ಸಾಲಿನ ಮೇಲೆ ಇನ್ನೊಂದು ಇರುವೆ ಸಾಲು ಹತ್ತಿ ಇಳಿದು ಕುಸ್ತಿಗೆ ಬಿದ್ದ ಹಾಗೆ ಸಾಲಿನ ಮೇಲೆ ಸಾಲು ಕೂತಿತ್ತು.

“ಅದೇನು ಬೆಳಿಗ್ಗೆ ಬೆಳಿಗ್ಗೆ ಕಾಗದಕ್ಕೆ ಆರತಿ ಎತ್ತೋ ಹಾಗೆ ಎತ್ತಿ ಹಿಡ್ಕೊಂಡಿದ್ದೀಯ?” ಎಂದರು ಅತ್ತಿಗೆ. ಅಣ್ಣ ಅತ್ತಿಗೆಯ ಮನೆಯಲ್ಲೇ ಅವಳ ವಾಸ. ಅತ್ತಿಗೆಗೆ ನಾಟಕವೆಂದರೆ ತಾತ್ಸಾರ, ನಾದಿನಿಯೆಂದರೆ ಪ್ರಾಣ. “ಇಲ್ಲಿ ಕೊಡು. ನಿಮ್ಮಣ್ಣನ ಅಕ್ಷರ ಓದಿ ಸಂಸಾರ ಮಾಡಿದೋಳು ನಾನು.”

ತಿರುಗಿಸಿದರು, ತಲೆಕೆಳಗು ಮಾಡಿದರು. “ತಾಯಿ, ಇದು ಬರಹ ಅಲ್ಲ, ಹೊಲಿಗೆ ಬಿಚ್ಚಿದ ದಾರ. ಹೋಗಿ ಅವರಿಗೇ ಕೊಟ್ಟು ಬಾ.”

“ಅದು ಹೇಗತ್ತಿಗೆ ಆಗತ್ತೆ? ಸಂಜೆ ಐದಕ್ಕೆ ಅವರು ಪತ್ರಿಕೆಗೆ ಬರಹ ಕಳಿಸ್ಬೇಕು. ಅದೇ ದಿನ ನಾನು ಅವರ ಮನೆ ಬಾಗಿಲಲ್ಲಿ ನಿಂತ್ರೆ ನೋಡಿದೋರು ಏನಂತಾರೆ?”

“ಕಾಗದ ಕೊಡೋಕೆ ಬಂದ್ಲು ಅಂತಾರೆ.”

“ಈಚಲು ಮರದ ಕೆಳಗೆ ಮಜ್ಜಿಗೆ ಕುಡಿದ ಹಾಗಾಗತ್ತೆ. ಹೊಗಳಿಸಿಕೊಳ್ಳೋಕೆ ಬಂದ್ಲು ಅಂತಾರೆ.”

“ಹೊಗಳಿಸ್ಕೊಂಡ್ರೆ ತಪ್ಪೇನು? ಹದಿನಾಲ್ಕು ವರ್ಷದಿಂದ ಒಂದು ಒಳ್ಳೇ ಮಾತಿಗೆ ಒಣಗಿ ಹೋಗಿದ್ದೀಯ. ನನ್ನ ಸಾರನ್ನ ಹೊಗಳದೆ ಎದ್ದು ಹೋದ್ರೆ ನಾನು ಮಾರನೇ ದಿನ ಬರೀ ನೀರು ಬಡಿಸ್ತಿದ್ದೆ.”

ಆದರೆ ಟಿಪ್ಪಣಿಯಿಲ್ಲದೆ ವಿಮರ್ಶೆ ಬರುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಕಚೇರಿಯಲ್ಲಿ ಒಂದು ಲಕೋಟೆ ತೆಗೆದುಕೊಂಡು, ಹೆಸರಿಲ್ಲದೆ, ಮಧ್ಯಾಹ್ನದ ಚಹಾ ಬಿಡುವಿನಲ್ಲಿ ಅವರ ಗೇಟಿನ ಡಬ್ಬಿಗೆ ಹಾಕಿ ಬರುವುದು. ಯಾರಿಗೂ ಗೊತ್ತಾಗಬಾರದು.

ಯಾರಿಗೂ ಗೊತ್ತಾಗಬಾರದ್ದನ್ನು ಕಚೇರಿಗೆ ಒಯ್ಯಬಾರದು ಎಂಬುದು ಮಾತ್ರ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

*

“ಲಕೋಟೆ ಯಾಕೆ ಮೇಡಂ? ಅದೇನು ಕಾಗದ?” ಎಂದರು ಹೆಡ್ ಕ್ಲಾರ್ಕು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಭೂತಗನ್ನಡಿ. ನೂರು ವರ್ಷದ ಹಳೇ ರಿಜಿಸ್ಟರುಗಳನ್ನು ಓದಿ ಓದಿ ಅವರಿಗೆ ಅಕ್ಷರಗಳ ವಿಷಯದಲ್ಲಿ ಒಂದು ಅಹಂಕಾರ ಬಂದಿತ್ತು. “ಓದಕ್ಕಾಗ್ತಿಲ್ವಾ? ಇಲ್ಲಿ ಕೊಡಿ. ನಾನು ಓದಕ್ಕಾಗದ ಅಕ್ಷರ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೆ ನಮ್ಮಲ್ಲೇ ನೋಂದಣಿ ಆಗಿರ್ಬೇಕಿತ್ತು.”

ಅವಳು ಬೇಡ ಬೇಡ ಎನ್ನುವಷ್ಟರಲ್ಲಿ ಕಾಗದ ಅವರ ಮೇಜಿನ ಮೇಲಿತ್ತು. ಸಾಲಿನಲ್ಲಿ ನಿಂತವರೂ ಕತ್ತು ಚಾಚಿದರು. ಮೊಮ್ಮಗಳ ಜನನ ಬರೆಸಲು ಬಂದಿದ್ದ ಅಜ್ಜನಿಗೆ ಅಲ್ಲಿ ‘ಭೇಷ್’ ಎಂದು ಕಂಡಿತು. ಸೋದರಮಾವನ ಮರಣ ಬರೆಸಲು ಬಂದಿದ್ದವನಿಗೆ ಅದೇ ಜಾಗದಲ್ಲಿ ‘ಅಯ್ಯೋ’ ಕಂಡಿತು.

“ಸುಮ್ನಿರ್ರೀ, ಅವರವರ ಮನಸ್ಸಿನಲ್ಲಿರೋದು ಅವರವರಿಗೆ ಕಾಣತ್ತೆ,” ಎಂದು ಹೆಡ್ ಕ್ಲಾರ್ಕು ಗದರಿಸಿ, ಕಾಲು ಗಂಟೆ ಭೂತಗನ್ನಡಿ ಆಡಿಸಿ, ಕೊನೆಗೆ ಬೆವರು ಒರೆಸಿಕೊಂಡರು. “ಬರೆದೋರು ಬದುಕಿದ್ದಾರಾ ಮೇಡಂ?”

“ಇದ್ದಾರೆ ಸಾರ್. ಕೊಡಿ ಇಲ್ಲಿ.”

“ಹಾಗಾದ್ರೆ ಅವರನ್ನೇ ಕೇಳೋದು ಒಳ್ಳೇದು,” ಎನ್ನುತ್ತಾ ಕಾಗದವನ್ನು ಬಲಕ್ಕೆ ಸರಿಸಿದರು. ಇಪ್ಪತ್ತೆಂಟು ವರ್ಷದ ಅಭ್ಯಾಸ. ಮೇಜಿನ ಮೇಲೆ ಎಡದಿಂದ ಬಂದ ಕಾಗದ ಬಲಕ್ಕೆ ಸರಿಯುವಾಗ ಅವರ ಕೈ ಮನಸ್ಸನ್ನು ಕೇಳುತ್ತಿರಲಿಲ್ಲ. ಢಬ್ ಎಂದು ಸೀಲು ಬಿತ್ತು.

ಕರಪತ್ರದ ನಟ್ಟನಡುವೆ, ನೇರಳೆ ಮಸಿಯಲ್ಲಿ, ದುಂಡಗೆ: ‘ಸ್ವೀಕರಿಸಿದೆ. ಜನನ ಮರಣ ನೋಂದಣಿ ಕಚೇರಿ.’ ಕೆಳಗೆ ಇವತ್ತಿನ ತಾರೀಖು.

ಅವಳು ಕಿರುಚಲೂ ಇಲ್ಲ. ನೋವು ಹೆಚ್ಚಾದರೆ ದನಿ ಬರುವುದಿಲ್ಲ ಎಂದು ಅವಳೇ ಐದನೆಯ ನಾಟಕದಲ್ಲಿ ಬರೆದಿದ್ದಳು. ಅದು ನಿಜವೆಂದು ಈಗ ತಿಳಿಯಿತು.

“ಅರೆ! ಸೀಲು ಬಿದ್ದೋಯ್ತಾ?” ಎಂದು ಹೆಡ್ ಕ್ಲಾರ್ಕು ನಾಲಿಗೆ ಕಚ್ಚಿಕೊಂಡರು. ಮರುಕ್ಷಣವೇ ಅವರೊಳಗಿನ ನೌಕರ ಎಚ್ಚೆತ್ತ. “ಬಿದ್ದ ಮೇಲೆ ಪುಸ್ತಕಕ್ಕೆ ಏರಿಸ್ಬೇಕಲ್ಲ ಮೇಡಂ. ನಿಮ್ಮ ನಾಟಕಾನ ಎಲ್ಲಿ ಬರ್ಕೊಳ್ಳಲಿ, ಜನನಕ್ಕಾ ಮರಣಕ್ಕಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಾವ ಸತ್ತವನೂ ನಕ್ಕ.

ಇನ್ನು ಹೆಸರಿಲ್ಲದೆ ಡಬ್ಬಿಗೆ ಹಾಕುವ ಮಾತೇ ಇಲ್ಲ. ಸೀಲೇ ಅವಳ ಹೆಸರು ಕೂಗಿ ಹೇಳುತ್ತಿತ್ತು. “ಒಂಚೂರು ಒದ್ದೆ ಬಟ್ಟೆ ಒತ್ತಿ, ಮೇಲೆ ರಬ್ಬರು ಹಾಕಿ. ಹೋಗತ್ತೆ,” ಎಂದು ಹೆಡ್ ಕ್ಲಾರ್ಕು ತಮ್ಮ ರಬ್ಬರನ್ನೇ ಕೊಟ್ಟರು. ಅವಳು ಒದ್ದೆ ಕರವಸ್ತ್ರ ಒತ್ತಿದಳು. ರಬ್ಬರು ಉಜ್ಜಿದಳು. ಸೀಲಿನ ಅಂಚು ಸ್ವಲ್ಪ ಮಸುಕಾದಂತೆ ಕಂಡದ್ದರಿಂದ ಹುರುಪು ಬಂದು, ಹಾಳೆಯ ಉದ್ದಗಲಕ್ಕೂ ಬಣ್ಣ ಹರಡಿದ್ದರಿಂದ ಉದ್ದಗಲಕ್ಕೂ ಉಜ್ಜಿದಳು.

ಬೆಳಕಿಗೆ ಹಿಡಿದು ನೋಡಿದಾಗ ಸೀಲು ಸ್ನಾನ ಮಾಡಿ ಬಂದ ಮದುಮಗನಂತೆ ಹೊಳೆಯುತ್ತಿತ್ತು. ಪೆನ್ಸಿಲಿನ ಬರಹ ಒಂದಿಷ್ಟೂ ಉಳಿದಿರಲಿಲ್ಲ.

ಹದಿನಾಲ್ಕು ವರ್ಷ ಕಾದು ಸಿಕ್ಕ ಒಂದು ಪುಟವನ್ನು ತನ್ನ ಕೈಯಾರೆ ಅಳಿಸಿ, ಅದರ ಬೂದಿಯಂಥ ರಬ್ಬರಿನ ಚೂರುಗಳನ್ನು ಮೇಜಿನಿಂದ ಊದಿ, ಅವಳು ಕೂತುಬಿಟ್ಟಳು. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

*

ಉಳಿದದ್ದು ಒಂದೇ ದಾರಿ. ಹೋಗಿ ಕಾಲು ಹಿಡಿದು ನಿಜ ಹೇಳುವುದು.

ಬಾಗಿಲು ತೆರೆದವರು ವಿಮರ್ಶಕರ ಹೆಂಡತಿ. ತುಂಬು ನರೆ, ಚುರುಕು ಕಣ್ಣು. “ಯಾರಮ್ಮ?”

ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಕ್ಷಮಾಪಣೆಯೆಲ್ಲ ಮರೆತುಹೋಗಿ, “ಹಾಲಿನಿಂದ ಬಂದೆ... ನಾಟಕದ ಹಾಲಿನಿಂದ... ಈ ಕಾಗದ...” ಎಂದಳು.

“ಕಸ ಗುಡಿಸುವಾಗ ಸಿಕ್ತಾ? ಬಾ ಬಾ, ದೇವರು ಕಳಿಸಿದ ಹಾಗೆ ಬಂದೆ. ರಾತ್ರಿಯಿಂದ ಅದಕ್ಕೇ ಒದ್ದಾಡ್ತಿದ್ದಾರೆ. ಬೆಳಿಗ್ಗೆ ದವಡೆ ಹಲ್ಲು ಕೀಳಿಸ್ಕೊಂಡು ಬಂದು ಬಾಯಿ ತುಂಬ ಹತ್ತಿ ಇಟ್ಕೊಂಡು ಮಲಗಿದ್ದಾರೆ. ಮಾತಿಲ್ಲ, ಕತೆಯಿಲ್ಲ.” ಒಳಕೋಣೆಯಿಂದ ಒಂದು ನರಳಿಕೆ ಅದನ್ನು ಅನುಮೋದಿಸಿತು.

ಹೆಂಗಸು ಅವಳನ್ನು ಒಂದು ಹಳೇ ಕಂಪ್ಯೂಟರಿನ ಪಕ್ಕ ಕೂರಿಸಿದರು. “ಅವರು ಕತ್ತಲಲ್ಲಿ ಗೀಚಿದ್ದನ್ನ ಅವರೇ ಓದೋಕಾಗಲ್ಲ. ಓದೋದು ನಾನು. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪು ಮಾಡಿದ್ದೀನಿ. ಜಡ್ಜು ಕೆಮ್ಮಿದ್ರೂ ಅದನ್ನ ವಾಕ್ಯ ಮಾಡ್ತಿದ್ದೆ.” ಕನ್ನಡಕ ಏರಿಸಿ ಕಾಗದ ತಿರುಗಿಸಿದರು. ಮತ್ತೆ ತಿರುಗಿಸಿದರು. “ಇದೇನು, ಒಂದಕ್ಷರ ಇಲ್ವಲ್ಲ! ಪುಟ ತುಂಬ ಬರೆದೆ ಅಂದಿದ್ರು. ಬರೀ ಒಂದು ಸೀಲಿದೆ, ನಾಟಕದ ಪರವಾನಗೀದಿರ್ಬೇಕು.”

ಹೇಳಿಬಿಡು, ಎಂದಿತು ಅವಳ ಮನಸ್ಸು. ಅವಳು ಸೆರಗಿಗೆ ಅಂಟಿದ್ದ ರಬ್ಬರಿನ ಚೂರು ಕೊಡವಿಕೊಂಡಳು.

“ಮೊನೆ ಮುರಿದಿದ್ದು ಕತ್ತಲಲ್ಲಿ ಗೊತ್ತಾಗಿಲ್ಲ ಅನ್ಸತ್ತೆ,” ಎಂದು ಹೆಂಗಸೇ ತೀರ್ಪು ಕೊಟ್ಟರು. “ಈಗ ನಾಲ್ಕಾಯ್ತು. ಐದಕ್ಕೆ ಹೋಗ್ಬೇಕು. ನೀನು ನಾಟಕ ನೋಡಿದ್ಯೇನಮ್ಮ?”

“ನೋ... ನೋಡಿದ್ದೀನಿ.”

“ಪೂರ್ತಿ?”

“ಬೇಕಾದಷ್ಟು ಸಲ.”

“ಹಾಗಾದ್ರೆ ಹೇಳು, ನಾನು ಟೈಪು ಹೊಡೀತೀನಿ. ಹೆದರ್ಬೇಡ, ಇದೇನು ಮೊದಲ ಸಲ ಅಲ್ಲ. ಹಿಂದೆ ಎರಡು ಸಲ ಅವರ ತಂಗಿ ಹೇಳಿದ್ದನ್ನ ಹೊಡೆದಿದ್ದೀನಿ. ಅಚ್ಚಾದ ಮೇಲೆ ಓದ್ಕೊಂಡು, ‘ಚೆನ್ನಾಗಿ ಬರೆದಿದ್ದೀನಲ್ಲೇ’ ಅಂದ್ರು.”

ಒಂದು ಸಾಲಿಗೆ ಬಾಯಿ ಬಿಡುತ್ತಿದ್ದವಳ ಮುಂದೆ ಇಡೀ ಅಂಕಣವನ್ನೇ ಬಡಿಸಿದ ಹಾಗಾಯಿತು. ಆದರೆ ತನ್ನ ಮದುವೆಗೆ ತಾನೇ ಓಲಗ ಊದುವುದುಂಟೇ? ಹೊಗಳಿದರೆ ನಾಳೆ ಯಾರಾದರೂ ಮೂಸಿ ನೋಡಿ ಕಂಡುಹಿಡಿದಾರು. ಮೊದಲು ತಪ್ಪುಗಳನ್ನು ಹೇಳಿಬಿಡೋಣ, ಕೊನೆಯಲ್ಲಿ ಒಂದೇ ಒಂದು ಒಳ್ಳೆಯ ಮಾತಿಡೋಣ, ಆಗ ಯಾರಿಗೂ ಅನುಮಾನ ಬರದು ಎಂದು ಲೆಕ್ಕ ಹಾಕಿದಳು.

“ದೂತ ಬಂದು ಯುದ್ಧ ಹೇಗಾಯ್ತು ಅಂತ ಹನ್ನೊಂದು ನಿಮಿಷ ಹೇಳ್ತಾನೆ,” ಎಂದು ಶುರು ಮಾಡಿದಳು. “ಅಷ್ಟು ಹೊತ್ತಿಗೆ ಇನ್ನೊಂದು ಯುದ್ಧ ಮುಗಿಸಬಹುದಿತ್ತು.”

ಹೆಂಗಸು ಕಿಸಕ್ಕನೆ ನಕ್ಕು ಕೀಲಿಗಳ ಮೇಲೆ ಬೆರಳು ಓಡಿಸಿದರು. “ಆಮೇಲೆ?”

“ಅಳಬೇಕಾದ ಕಡೆ ರಾಣಿ ಇಸವಿ ಹೇಳ್ತಾಳೆ. ಮಂತ್ರಿ ಮಾತಾಡೋದು ಕೇಳಿದ್ರೆ ಪುಸ್ತಕದ ಅಡಿಟಿಪ್ಪಣಿಗೆ ಮೀಸೆ ಬಂದ ಹಾಗಿದೆ.”

“ಎಷ್ಟು ಚೆನ್ನಾಗಿ ಬೈತೀಯಮ್ಮ! ಗುಡಿಸೋ ಕೆಲಸದಲ್ಲಿ ಯಾಕಿದ್ದೀಯ ನೀನು?”

ಅವಳಿಗೂ ಆಶ್ಚರ್ಯ. ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತ ತನಗೆ ತಾನೇ ಹೇಳಿಕೊಂಡ ಮಾತುಗಳೆಲ್ಲ ದೊಡ್ಡಿಯ ಬಾಗಿಲು ತೆರೆದಾಗಿನ ಕುರಿಗಳಂತೆ ಒಂದರ ಹಿಂದೆ ಒಂದು ಬರುತ್ತಿದ್ದವು. ಕೊನೆಯ ತಪ್ಪಿಗೆ ಬಂದಾಗ ದನಿ ತಾನಾಗಿ ತಗ್ಗಿತು. “ಬರೆದವರಿಗೆ ಕೇಳುವವರ ಮೇಲೆ ನಂಬಿಕೆಯಿಲ್ಲ. ಎಲ್ಲಿ ಯಾರಿಗೂ ಕೇಳಿಸಲಿಲ್ಲವೋ ಎಂದು ಒಂದೇ ದುಃಖವನ್ನು ಮೂರು ಸಲ ಹೇಳುತ್ತಾರೆ.”

“ಹೂಂ. ಮುಗೀತಾ?”

“ಇಲ್ಲ, ಇನ್ನೊಂದಿದೆ.” ಅವಳು ಕಣ್ಣು ಮುಚ್ಚಿದಳು. “ಆದರೆ ಕೀಲಿಯನ್ನು ನೆಲದ ಮೇಲಿಟ್ಟ ಮೇಲೆ ರಾಣಿ ತನ್ನ ಖಾಲಿ ಸೊಂಟವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾಳೆ. ಹನ್ನೆರಡು ವರ್ಷ ಹೊತ್ತದ್ದನ್ನು ಇಳಿಸಿದವರು ಹಗುರಾಗುವುದಿಲ್ಲ, ಬರಿದಾಗುತ್ತಾರೆ. ಆ ಒಂದು ಗಳಿಗೆಗಾಗಿ ಈ ನಾಟಕವನ್ನು ನೋಡಬೇಕು.”

ಹೆಂಗಸಿನ ಬೆರಳುಗಳು ಒಂದು ಕ್ಷಣ ನಿಂತವು. ಆಮೇಲೆ ಅದನ್ನೂ ಹೊಡೆದರು. “ರೀ, ಕಳಿಸ್ಲಾ?” ಎಂದು ಒಳಗೆ ಕೂಗಿದರು. “ಉಂ,” ಎಂದಿತು ಹತ್ತಿ. “ನೋಡು, ಒಪ್ಪಿದ್ರು.” ಕಳಿಸಿಯೂ ಆಯಿತು.

ಐದು ನಿಮಿಷಕ್ಕೆ ಪತ್ರಿಕೆಯಿಂದ ಫೋನು ಬಂತು. “ಜಾಹೀರಾತು ಬಂದಿದ್ಯಾ? ಜಾಗ ಇಲ್ವಾ?” ಎಂದರು ಹೆಂಗಸು. “ಎಷ್ಟು ತೆಗೀಬೇಕು? ಕೊನೇ ಪ್ಯಾರಾ ತಾನೇ, ತೆಗೀರಿ, ತೆಗೀರಿ. ನಮ್ಮನೆಯವರೂ ಅದನ್ನೇ ಹೇಳೋದು, ಕೊನೇ ಪ್ಯಾರಾ ಬರೀ ಉಪಚಾರ ಅಂತ.”

ಅವಳು ಕುರ್ಚಿಯಿಂದ ಅರ್ಧ ಎದ್ದಳು. ಎದ್ದು ಏನೆಂದು ಹೇಳುವುದು? ಕಸ ಗುಡಿಸುವವಳಿಗೆ ಕೊನೆಯ ಪ್ಯಾರಾದ ಮೇಲೆ ಏನು ಹಕ್ಕು? ಮತ್ತೆ ಕೂತಳು.

ಫೋನಿಟ್ಟು ಹೆಂಗಸು ಒಂದು ಲೋಟ ಚಹಾ ತಂದುಕೊಟ್ಟರು. “ಪಾಪ, ನಾಟಕ ಬರೆದೋಳಿಗೆ ಬೇಜಾರಾಗತ್ತೆ. ಇವರು ಅವಳ ಬಗ್ಗೆ ಬರೀತಿರೋದು ಇದೇ ಮೊದಲು.”

“ಹೌದಾ?” ಅವಳು ಲೋಟ ಕೆಳಗಿಟ್ಟಳು. “ಯಾಕೆ... ಯಾಕೆ ಬರೀತಿರ್ಲಿಲ್ಲ? ಇಷ್ಟ ಇಲ್ವಾ?”

“ಇಷ್ಟನಾ? ಅಯ್ಯೋ, ಅದೊಂದು ಕತೆ.” ಹೆಂಗಸು ಮೇಜಿನ ಡ್ರಾಯರ್ ಎಳೆದು ಕಾಗದಗಳ ಸಣ್ಣ ಕಟ್ಟೊಂದನ್ನು ತೆಗೆದರು. ಆರು ಕರಪತ್ರಗಳು. ಆರರ ಹಿಂಬದಿಯೂ ಬಿಳಿ. “ಅವಳ ನಾಟಕ ನೋಡೋಕೆ ಹೋದಾಗೆಲ್ಲ ಖಾಲಿ ಹಾಳೆ ತರ್ತಾರೆ. ಪೆನ್ಸಿಲ್ ಎಲ್ಲಿತ್ತು ಅಂದ್ರೆ, ಜೇಬಿನಲ್ಲೇ ಇತ್ತು, ನೆನಪೇ ಆಗ್ಲಿಲ್ಲ ಕಣೇ ಅಂತಾರೆ. ಊಟನೂ ಮಾಡಲ್ಲ, ಜಗಲಿ ಮೇಲೆ ಸುಮ್ನೆ ಕೂತಿರ್ತಾರೆ. ಖಾಲಿ ಹಾಳೇಲಿ ನಾನು ಏನು ಟೈಪು ಮಾಡ್ಲಿ? ಹಾಗಾಗಿ ಏನೂ ಹೋಗ್ತಿರ್ಲಿಲ್ಲ. ಬರೆದಿರೋ ಹಾಳೆ ಎಲ್ಲಾ ಕಸಕ್ಕೆ ಹಾಕ್ತಾರೆ, ಇವನ್ನ ಮಾತ್ರ ಎತ್ತಿಟ್ಕೊಂಡಿದ್ದಾರೆ. ಒಂದು ಥರಾ ಹುಚ್ಚು.”

ಅವಳು ಆರು ಬಿಳಿ ಹಾಳೆಗಳನ್ನು ನೋಡಿದಳು. ಅಷ್ಟು ಚೆನ್ನಾದ ವಿಮರ್ಶೆಯನ್ನು ಅವಳು ಎಲ್ಲೂ ಓದಿರಲಿಲ್ಲ.

“ಮತ್ತೆ... ನಿನ್ನೆ?”

“ನಿನ್ನೆ ಪುಟ ತುಂಬ ಬರೆದ್ರಂತೆ. ನಾಟಕ ಹಿಡಿದು ಕೂರಿಸ್ಲಿಲ್ವೋ, ಹಲ್ಲುನೋವು ಮರೆಯೋಕೆ ಗೀಚಿದ್ರೋ. ಏನು ಬರೆದಿದ್ರು ಅಂತ ಅವರಿಗೂ ಈಗ ನೆನಪಿರಲ್ಲ.” ಹೆಂಗಸು ಸೀಲು ಬಿದ್ದ ಏಳನೆಯ ಕರಪತ್ರವನ್ನು ಎತ್ತಿ, ಒಮ್ಮೆ ನೋಡಿ, ಕಸದ ಬುಟ್ಟಿಗೆ ಹಾಕಿದರು. ಆರನ್ನೂ ಜೋಪಾನವಾಗಿ ಡ್ರಾಯರಿನಲ್ಲಿಟ್ಟು ಮುಚ್ಚಿದರು.

*

ಬೀದಿಗೆ ಬಂದಾಗ ಅಂಗಡಿಗಳ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಫೋನು ಹೊಡೆದುಕೊಂಡಿತು. ನಿರ್ದೇಶಕ.

“ಮೇಡಂ! ಪತ್ರಿಕೆಯಲ್ಲಿ ನಮ್ಮ ಹುಡುಗ ಒಬ್ಬ ಇದ್ದಾನೆ. ವಿಮರ್ಶೆ ಬಂದಿದ್ಯಂತೆ, ಓದಿ ಹೇಳ್ದ. ಆ ಮನುಷ್ಯ ಎಲ್ಲಿ ಕೂತಿದ್ದ ಮೇಡಂ, ನಿಮ್ಮ ತಲೆಯೊಳಗಾ? ಒಂದೊಂದು ಏಟೂ ಸರಿಯಾದ ಜಾಗಕ್ಕೇ ಹಾಕಿದ್ದಾನೆ! ಬೇಜಾರು ಮಾಡ್ಕೋಬೇಡಿ. ನಾನು ಸೌಟಿನ ನಾಟಕಕ್ಕೆ ಮಾತು ಕೊಟ್ಟಾಯ್ತು.”

“ಆಗ್ಲಿ,” ಎಂದಳು.

ಮನೆಯಲ್ಲಿ ಅತ್ತಿಗೆ ಬಾಗಿಲಲ್ಲೇ ಕಾದಿದ್ದರು. “ಕಾಗದ ಮುಟ್ಟಿಸಿದ್ಯಾ? ಏನಂದ್ರು? ಮುಖ ಯಾಕೆ ಹೀಗಿದೆ, ಅಳ್ತಿದ್ದೀಯೋ ನಗ್ತಿದ್ದೀಯೋ?”

ಅವಳು ಬಾಯಿ ತೆರೆದಳು. ಆ ಆರು ಹಾಳೆಗಳ ಸುದ್ದಿ ಗಂಟಲವರೆಗೆ ಬಂದಿತ್ತು. ಅತ್ತಿಗೆಗೆ ಹೇಳಬೇಕು, ನಿರ್ದೇಶಕನಿಗೆ ಕೂಗಿ ಹೇಳಬೇಕು, ಇಬ್ಬರೂ ಪ್ರಾಧ್ಯಾಪಕರ ಮನೆಯ ಬಾಗಿಲು ತಟ್ಟಿ ಹೇಳಬೇಕು. ಆದರೆ ಅದನ್ನೆಲ್ಲಿ ಕಂಡೆ ಎಂದು ಕೇಳಿದರೆ? ಆ ಕುರ್ಚಿಯ ಮೇಲೆ ಯಾಕೆ ಕೂತಿದ್ದೆ, ನಾಲ್ಕರಿಂದ ಐದರವರೆಗೆ ಅಲ್ಲಿ ಏನು ಹೇಳುತ್ತಿದ್ದೆ ಎಂದು ಕೇಳಿದರೆ? ಸಿಹಿ ಬಡಿಸಬೇಕಾದರೆ ಅದರ ಜೊತೆಗೆ ಭಾನುವಾರದ ಪುಟವನ್ನೂ ಬಡಿಸಬೇಕು.

“ಮನೇಲಿ ಯಾರೂ ಇರ್ಲಿಲ್ಲ ಅತ್ತಿಗೆ,” ಎಂದಳು. “ಡಬ್ಬಿಗೆ ಹಾಕಿ ಬಂದೆ.”

ಚಪ್ಪಲಿ ಬಿಟ್ಟು ಒಳಗೆ ಹೋದಳು. ಅತ್ತಿಗೆಗೂ ಅಣ್ಣನಿಗೂ ಯಾರಿಗೂ, ಬದುಕಿರುವವರೆಗೂ, ಇದನ್ನು ಹೇಳುವುದಿಲ್ಲ ಎಂದು ಕೈಕಾಲು ತೊಳೆಯುವಷ್ಟರಲ್ಲಿ ತೀರ್ಮಾನಿಸಿದ್ದಳು.